ಶಾಲೆಗಾಗಿ ಹಾಡಿನ ಸಂಜೆ: ಟಿಕೆಟ್ ಇಡಬೇಕೋ, ಜೋಳಿಗೆ ಹಿಡಿಯಬೇಕೋ?

ವರದಾ ದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಹಾನಗಲ್ ತಾಲೂಕಿನ ಒಂದು ಹಳ್ಳಿ. ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಲಿತ ನಾವು ಹತ್ತು-ಹನ್ನೆರಡು ಹುಡುಗ ಹುಡುಗಿಯರು ಈಗ ಕಾಲೇಜಿನಲ್ಲೋ ಕೆಲಸದಲ್ಲೋ ಇದ್ದೇವೆ. ಶನಿವಾರ ರಾತ್ರಿ ಗುಡಿಯಲ್ಲಿ ಸೇರಿ ಭಜನೆ ಮಾಡುತ್ತೇವೆ. ಇಬ್ಬರಿಗೆ ಪೇಟಿ (ಹಾರ್ಮೋನಿಯಂ) ಬರುತ್ತದೆ, ಒಬ್ಬ ತಬಲಾ ಕಲಿತಿದ್ದಾನೆ, ಒಬ್ಬಳು ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದ್ದಾಳೆ. ಊರಿನಲ್ಲಿ ಡೊಳ್ಳಿನ ಮೇಳವೂ ಇದೆ.

ಶಾಲೆಯ ನಲಿ-ಕಲಿ ಕೊಠಡಿಯಲ್ಲಿ ರೀಪು ಕೊಳೆತು ಹೆಂಚು ಜಾರಿವೆ. ಈ ಮಳೆಗಾಲದಲ್ಲಿ ಮಕ್ಕಳು ದುಂಡು ಮೇಜುಗಳನ್ನೆಲ್ಲ ಎಳೆದುಕೊಂಡು ಬಂದು ಬಾಗಿಲ ಪಕ್ಕದಲ್ಲಿ ಒತ್ತಾಗಿ ಕುಳಿತಿದ್ದರು. ಸೋರುವ ಜಾಗದಲ್ಲಿ ಬಿಸಿಯೂಟದ ಬೋಗುಣಿ ಇಟ್ಟಿತ್ತು, ತುಂಬಿದಾಗಲೆಲ್ಲ ಒಬ್ಬ ಹುಡುಗ ಎದ್ದು ಹೋಗಿ ಚೆಲ್ಲಿ ಬರುತ್ತಿದ್ದ. ಗ್ರಂಥಾಲಯವೆಂದರೆ ಒಂದು ಕಬ್ಬಿಣದ ಕಪಾಟು, ಅದರಲ್ಲಿ ಮಕ್ಕಳು ಓದುವಂಥ ಪುಸ್ತಕಗಳು ಬೆರಳೆಣಿಕೆಯಷ್ಟು.

ಭತ್ತದ ಸುಗ್ಗಿ ಮುಗಿದ ಮೇಲೆ ಶಾಲೆಯ ಬಯಲಿನಲ್ಲಿ ಹಾಡಿನ ಕಾರ್ಯಕ್ರಮ ಮಾಡಿ ಹಣ ಕೂಡಿಸಬೇಕೆಂದು ಹೊರಟಿದ್ದೇವೆ. ನಮ್ಮೊಳಗೇ ಎರಡು ಗುಂಪಾಗಿದೆ. ಹುಬ್ಬಳ್ಳಿಯಿಂದ ಆರ್ಕೆಸ್ಟ್ರಾ ಕರೆಸಿ ಟಿಕೆಟ್ ಇಡೋಣ ಎನ್ನುವವರು ಕೆಲವರು. ನಾವೇ ಹಾಡೋಣ, ಬಂದವರು ಕೊಟ್ಟಷ್ಟು ಕೊಡಲಿ ಎನ್ನುವವರು ಉಳಿದವರು. ಹಿರಿಯರೊಬ್ಬರು, "ಸರ್ಕಾರಿ ಶಾಲೆಗೆ ನೀವೇಕೆ ಕೈಯೊಡ್ಡಬೇಕು?" ಎಂದು ಬೈದೂ ಆಯಿತು. ಇಂಥ ಕೆಲಸ ಮಾಡಿ ಅನುಭವ ಇರುವವರು ದಯವಿಟ್ಟು ಹೇಳಿ.

ಧಾರವಾಡಿಗ:
ನೀವೇ ಹಾಡಿ. ಎರಡನೆಯ ಯೋಚನೆಯೇ ಬೇಡ.

ಕೆಂಪು ನೆಲ:
ಆರ್ಕೆಸ್ಟ್ರಾ ಕರೆಸುವವರು ಮೊದಲು ಖರ್ಚಿನ ಪಟ್ಟಿ ಬರೆಯಿರಿ. ತಂಡದ ಸಂಭಾವನೆ ಒಂದೇ ಅಲ್ಲ. ವೇದಿಕೆ, ಪೆಂಡಾಲು, ಧ್ವನಿವರ್ಧಕ, ಬೆಳಕು, ಜನರೇಟರು, ಅದಕ್ಕೆ ಡೀಸೆಲ್, ಕಲಾವಿದರ ಊಟ, ಅವರ ವಾಹನದ ಬಾಡಿಗೆ, ಬ್ಯಾನರು, ಆಮೇಲೆ ಬಂದ ಗಣ್ಯರಿಗೆಲ್ಲ ಶಾಲು-ಹಾರ. ನಮ್ಮ ಪಕ್ಕದ ಊರಿನಲ್ಲಿ ಶಾಲೆಯ ಕಾಂಪೌಂಡಿಗೆಂದು ರಸಮಂಜರಿ ಇಟ್ಟಿದ್ದರು. ಜನ ಕಿಕ್ಕಿರಿದು ಬಂದರು. ಆದರೆ ಟಿಕೆಟ್ ಕೊಂಡವರು ಮುಂದಿನ ನಾಲ್ಕು ಸಾಲಿನವರು ಮಾತ್ರ, ಉಳಿದವರು ಬೇಲಿಯಾಚೆ ನಿಂತು ಕೇಳಿದರು. ಬಯಲಿಗೆ ಬಾಗಿಲು ಎಲ್ಲಿದೆ? ಖರ್ಚು ಕಳೆದು ಉಳಿದ ಹಣದಲ್ಲಿ ಕಾಂಪೌಂಡಿನ ಒಂದು ಮೂಲೆಯೂ ಏಳಲಿಲ್ಲ. ಪೆಂಡಾಲಿನ ಕಂಬಕ್ಕೆ ತೋಡಿದ ಗುಂಡಿಗಳಿಂದ ಮಕ್ಕಳ ಕೊಕ್ಕೊ ಅಂಗಳ ಹಾಳಾದದ್ದು ಬೇರೆ.

ರಿದಂ ಪ್ಯಾಡ್:
ಕೆಂಪು ನೆಲ ಅವರೇ, ಖರ್ಚಿನ ವಿಷಯ ಒಪ್ಪುತ್ತೇನೆ. ಆದರೆ ಆರ್ಕೆಸ್ಟ್ರಾದವರನ್ನು ಶಾಲೆಯ ದುಡ್ಡು ತಿಂದವರೆಂಬಂತೆ ನೋಡಬೇಡಿ. ನಾನು ಅದೇ ಕಸುಬಿನವನು. ಜಾತ್ರೆ, ಗಣೇಶೋತ್ಸವ, ಮದುವೆ ಈ ಮೂರರಲ್ಲಿ ದುಡಿದದ್ದೇ ನಮ್ಮ ವರ್ಷದ ಗಳಿಕೆ, ಆಷಾಢ ಬಂದರೆ ಕೈ ಖಾಲಿ. ಒಬ್ಬ ಡ್ರಮ್ಮರ್ ತನ್ನ ಸಾಮಾನು ತಾನೇ ಹೊತ್ತು ತಂದು, ರಾತ್ರಿಯೆಲ್ಲ ಬಾರಿಸಿ, ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಹೋಗುತ್ತಾನೆ. ಅವನಿಗೆ ಕೂಲಿ ಕೊಡುವುದು ತಪ್ಪೇ?

ಶಾಲೆಗೆಂದು ನೇರವಾಗಿ ಕೇಳಿದರೆ ಎಷ್ಟೋ ತಂಡಗಳು ಬರೀ ಹೋಗಿ ಬರುವ ಖರ್ಚಿಗೆ ಒಪ್ಪುತ್ತವೆ. ಕೇಳುವ ರೀತಿಯಲ್ಲಿ ಕೇಳಬೇಕು. ಸಿನಿಮಾ ಹಾಡಿಲ್ಲದೆ ಪಿಯುಸಿ ಹುಡುಗರು ಬಯಲಿಗೆ ಬರುತ್ತಾರೆಂದು ನನಗೆ ನಂಬಿಕೆಯಿಲ್ಲ.

ಅಬ್ಬಲಿಗೆ:
ಬರುತ್ತಾರೆ, ಏಕೆ ಬರುವುದಿಲ್ಲ? ತಮ್ಮ ತಂಗಿ ವೇದಿಕೆಯ ಮೇಲೆ ಹಾಡುತ್ತಾಳೆಂದರೆ ಅಣ್ಣ ಬಂದೇ ಬರುತ್ತಾನೆ. ಅವನ ಜೊತೆಗೆ ಅವನ ಗೆಳೆಯರೂ ಬರುತ್ತಾರೆ.

ನಿವೃತ್ತ ಮಾಸ್ತರ:
ತಮ್ಮಾ ವರದಾ ದಂಡೆ, ನಿಮ್ಮ ಉತ್ಸಾಹ ನೋಡಿ ಸಂತೋಷವಾಯಿತು. ಆದರೆ ಬೈದ ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ತಳ್ಳಿಹಾಕಬೇಡಿ.

ಹೆಂಚು, ರೀಪು, ಗೋಡೆ, ಶೌಚಾಲಯ, ಇವು ಸರ್ಕಾರ ಮಾಡಿಕೊಡಲೇಬೇಕಾದ ಕೆಲಸಗಳು. ನೀವು ಹಾಡಿ ಹಣ ಕೂಡಿಸಿ ಹೆಂಚು ಹೊದಿಸಿದರೆ, ಮುಂದಿನ ಸಲ ಇನ್ನೊಂದು ಕೊಠಡಿ ಸೋರಿದಾಗ ಅಧಿಕಾರಿಗಳು ನಿಮ್ಮ ಮುಖವನ್ನೇ ನೋಡುತ್ತಾರೆ. ಮುಖ್ಯ ಶಿಕ್ಷಕರಿಂದ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಫೋಟೋ ಸಹಿತ ಪತ್ರ ಹೋಗಲಿ, ಎಂಜಿನಿಯರರು ಬಂದು ಅಂದಾಜು ಪಟ್ಟಿ ಮಾಡಲಿ. ಗ್ರಾಮಸಭೆಯಲ್ಲಿ ವಿಷಯ ಎತ್ತಿ, ನಡಾವಳಿಯಲ್ಲಿ ಬರೆಸಿ. ಮಕ್ಕಳ ಗ್ರಾಮಸಭೆ ಎಂಬುದೊಂದಿದೆ, ನವೆಂಬರ್ ಸುಮಾರಿಗೆ ನಡೆಯುತ್ತದೆ. ಬೋಗುಣಿ ಚೆಲ್ಲಿ ಬರುವ ಆ ಹುಡುಗನೇ ಎದ್ದು ನಿಂತು ಕೇಳಲಿ. ದೊಡ್ಡವರ ಹತ್ತು ಅರ್ಜಿಗೆ ಇಲ್ಲದ ಬಲ ಅದಕ್ಕಿದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಾಡಿನ ಹಣವನ್ನು ಸರ್ಕಾರದ ಯಾವ ಯೋಜನೆಯಲ್ಲೂ ಬಾರದ್ದಕ್ಕೆ ಇಡಿ. ಕಥೆ ಪುಸ್ತಕ, ಒಂದು ಪೇಟಿ, ಒಂದು ಜೊತೆ ತಬಲಾ, ನಾಲ್ಕು ದಮ್ಮಡಿ.

ಬೆಂಗಳೂರು ಉತ್ತರ:
ಮಾಸ್ತರರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ಅಂದಾಜು ಪಟ್ಟಿ ಮಂಜೂರಾಗಿ ಬರುವಷ್ಟರಲ್ಲಿ ಆ ಹುಡುಗ ಹೈಸ್ಕೂಲು ಸೇರಿರುತ್ತಾನೆ. ಸೋರುವ ಕೊಠಡಿಯಲ್ಲಿ ಕುಳಿತ ಮಗುವಿಗೆ ಯಾರ ಕರ್ತವ್ಯ ಎಂಬ ವಾದದಿಂದ ಏನಾಗಬೇಕು?

ನಿವೃತ್ತ ಮಾಸ್ತರ:
ಹಾಗಾದರೆ ಎರಡನ್ನೂ ಮಾಡಲಿ. ಜಾರಿದ ಹೆಂಚನ್ನು ಊರಿನ ಬಡಗಿಯೊಬ್ಬ ಒಂದು ದಿನದಲ್ಲಿ ಸರಿಮಾಡಬಲ್ಲ, ಅದಕ್ಕೆ ಕಾರ್ಯಕ್ರಮದವರೆಗೆ ಕಾಯುವುದೇ ಬೇಡ. ಪೂರ್ತಿ ಚಾವಣಿ ಬದಲಿಸುವುದು ಸರ್ಕಾರದ ಕೆಲಸ. ಈ ಗೆರೆ ಎಲ್ಲಿದೆಯೆಂದು ಊರಿನವರಿಗೆ ಗೊತ್ತಿರಬೇಕು ಎಂಬುದಷ್ಟೇ ನನ್ನ ಮಾತು. 2022ರಲ್ಲಿ ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂದು ಸುತ್ತೋಲೆ ಬಂದದ್ದು ನೆನಪಿದೆಯೇ? ರಾಜ್ಯದಾದ್ಯಂತ ವಿರೋಧ ಬಂದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಜನ ಅಂದು ಸುಮ್ಮನಿದ್ದಿದ್ದರೆ ಇಂದು ಅದು ಶುಲ್ಕವೇ ಆಗಿಬಿಡುತ್ತಿತ್ತು.

ತುಂಗಾ ನೀರು:
ಸರ್ಕಾರಿ ಶಾಲೆಗೆ ಕೈಯೊಡ್ಡುವುದು ಅವಮಾನ ಎನ್ನುವವರಿಗೆ ಒಂದು ಮಾತು. ರವೀಂದ್ರನಾಥ ಠಾಕೂರರು ಎಪ್ಪತ್ತು ದಾಟಿದ ಮೇಲೂ ತಮ್ಮ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಊರೂರಿಗೆ ಹೋಗಿ ಹಾಡು-ನೃತ್ಯ-ನಾಟಕ ಮಾಡಿಸಿ ವಿಶ್ವಭಾರತಿಗೆ ಹಣ ಕೂಡಿಸುತ್ತಿದ್ದರು. 1936ರಲ್ಲಿ ಹೀಗೆ ದೆಹಲಿಗೆ ಬಂದಾಗ, ಈ ವಯಸ್ಸಿನಲ್ಲಿ ಅವರು ಇಷ್ಟು ಅಲೆಯಬಾರದೆಂದು ನೊಂದ ಗಾಂಧೀಜಿ 60,000 ರೂಪಾಯಿಗಳ ವ್ಯವಸ್ಥೆ ಮಾಡಿಕೊಟ್ಟರು. ಅವರಿಗಿಲ್ಲದ ಅವಮಾನ ನಮಗೇಕೆ?

ಬೆಂಗಳೂರು ಉತ್ತರ:
ಅದು ಅವರೇ ಕಟ್ಟಿದ ಸಂಸ್ಥೆ, ಇದು ಸರ್ಕಾರದ್ದು. ಹೋಲಿಕೆ ಪೂರ್ತಿ ಕೂಡುವುದಿಲ್ಲ. ಆದರೂ ವಿಷಯ ತಿಳಿಸಿದ್ದಕ್ಕೆ ವಂದನೆ.

ಸಂಜೆ ರಾಗ:
ಅಷ್ಟು ದೂರ ಏಕೆ ಹೋಗಬೇಕು? ಗದುಗಿನಲ್ಲಿ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮ ಸ್ಥಾಪಿಸಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ಇದೇ ರೀತಿಯಲ್ಲಿ ಅಲ್ಲವೇ?

ಗದುಗಿನವ:
ಸಂಜೆ ರಾಗ ಅವರೇ, ಸ್ಥಾಪಿಸಿದವರು ಅವರ ಗುರು ಪಂಚಾಕ್ಷರಿ ಗವಾಯಿಗಳು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಹೊಣೆ ಹೊತ್ತವರು ಪುಟ್ಟರಾಜ ಗವಾಯಿಗಳು. ಇನ್ನೊಂದು ಸಂಗತಿ ಇಲ್ಲಿ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ಇಬ್ಬರೂ ಹುಟ್ಟಿದ್ದು ವರದಾ ದಂಡೆಯವರ ಹಾನಗಲ್ ತಾಲೂಕಿನಲ್ಲೇ. ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ, ಪುಟ್ಟರಾಜ ಗವಾಯಿಗಳು 1914ರಲ್ಲಿ ದೇವಗಿರಿಯಲ್ಲಿ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಬಾಲಕನಾಗಿದ್ದಾಗ ಕಂಠ ಕೇಳಿ ಅವರನ್ನು ಸಂಗೀತಕ್ಕೆ ಹಚ್ಚಿದವರು ಹಾನಗಲ್ಲ ಕುಮಾರ ಸ್ವಾಮಿಗಳು.

ಗದುಗಿನಲ್ಲಿ ನೆಲೆ ನಿಲ್ಲುವ ಮೊದಲು ಪಂಚಾಕ್ಷರಿ ಗವಾಯಿಗಳ ಪಾಠಶಾಲೆ ಸಂಚಾರಿಯಾಗಿತ್ತು. ಗುರುವೂ ಶಿಷ್ಯರೂ ತಂಬೂರಿ, ತಬಲಾ ಹೊತ್ತುಕೊಂಡು ಊರಿಂದ ಊರಿಗೆ ಹೋಗುತ್ತಿದ್ದರು. ಹೋದ ಊರಿನಲ್ಲಿ ಹಾಡುವುದು, ಊರಿನವರು ಕೊಟ್ಟ ಕಾಳುಕಡಿಯಲ್ಲಿ ಅಡುಗೆ ಮಾಡಿ ಉಣ್ಣುವುದು, ಮತ್ತೆ ಪಾಠ. ಬಸವರಾಜ ರಾಜಗುರು ಅಂಥವರು ತಯಾರಾದದ್ದು ಈ ಗುರುವಿನ ಕೈಯಲ್ಲಿ. ಮುಂದೆ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ, ತಾವೇ ನಾಟಕ ಬರೆದು, ಅದರ ಗಳಿಕೆಯನ್ನು ಆಶ್ರಮದ ಮಕ್ಕಳ ಅನ್ನಕ್ಕೂ ವಿದ್ಯೆಗೂ ಸುರಿದರು. ಹಾನಗಲ್ ತಾಲೂಕಿನ ಹುಡುಗರು ಶಾಲೆಗಾಗಿ ಹಾಡಲು ಹೊರಟರೆ ಅದು ಆ ಮಣ್ಣಿಗೆ ಹೊಸದಲ್ಲ. ಬೈದ ಹಿರಿಯರಿಗೆ ಇದನ್ನು ಹೇಳಿ ನೋಡಿ.

ವರದಾ ದಂಡೆ:
ದೇವಗಿರಿ ನಮ್ಮೂರಿಗೆ ದೂರವೇನಿಲ್ಲ. ಅವರ ನಾಟಕ ಕಂಪನಿಯ ಗಳಿಕೆ ಆಶ್ರಮಕ್ಕೆ ಹೋಗುತ್ತಿತ್ತೆಂಬುದು ನಮ್ಮ ಗುಂಪಿನಲ್ಲಿ ಹಲವರಿಗೆ ಗೊತ್ತಿರಲಿಲ್ಲ. ಗದುಗಿನವರೇ, ಇದನ್ನು ಹಾಗೆಯೇ ನಮ್ಮ ಕರಪತ್ರದಲ್ಲಿ ಹಾಕಲು ಒಪ್ಪಿಗೆ ಇದೆಯೇ?

ಗದುಗಿನವ:
ಧಾರಾಳವಾಗಿ ಹಾಕಿ.

ಕಪ್ಪು ಕೋಟು:
ಟಿಕೆಟ್ ಬಗ್ಗೆ ಕಾನೂನಿನ ಒಂದು ಅಂಶ ಗಮನಿಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಪ್ರಕಾರ ಹವ್ಯಾಸಿ ಸಂಘವೊಂದು ಹಣ ಕೊಡದ ಪ್ರೇಕ್ಷಕರ ಮುಂದೆ ಹಾಡಿದರೆ ಅದು ಹಕ್ಕಿನ ಉಲ್ಲಂಘನೆ ಆಗುವುದಿಲ್ಲ. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹಾಡಿದರೂ ವಿನಾಯಿತಿ ಇದೆ. ಆದರೆ ಶಾಲೆಯ ಸಹಾಯಾರ್ಥ ಎಂಬ ಮಾತು ಅಲ್ಲಿಲ್ಲ. ಶಿಕ್ಷಕರು ಮತ್ತು ಮಕ್ಕಳು ಹಾಡಿ, ಕೇಳುವವರು ಶಾಲೆಯವರು ಮತ್ತು ಪೋಷಕರಷ್ಟೇ ಆಗಿದ್ದರೆ ಅದಕ್ಕೆ ಬೇರೆ ವಿನಾಯಿತಿ. ಇಡೀ ಊರನ್ನು ಕರೆದು ಟಿಕೆಟ್ ಮಾರಿ ಸಿನಿಮಾ ಹಾಡು ಹಾಡಿಸಿದರೆ ಅದು ಇವೆರಡರಲ್ಲೂ ಸೇರುವುದಿಲ್ಲ. ಆಗ ಪರವಾನಗಿ ಪಡೆಯುವ ಪ್ರಶ್ನೆ ಬರುತ್ತದೆ.

ರಿದಂ ಪ್ಯಾಡ್:
ಹಳ್ಳಿಯ ಬಯಲಿಗೆ ಯಾರು ಬಂದು ಕೇಳುತ್ತಾರೆ ಸರ್? ನಾವು ವರ್ಷಗಟ್ಟಲೆ ಹಾಡಿದ್ದೇವೆ.

ಕಪ್ಪು ಕೋಟು:
ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಕಾರ್ಯಕ್ರಮ ನಡೆಯುತ್ತಿರುವಾಗಲೇ ಅದು ಯೂಟ್ಯೂಬಿನಲ್ಲಿ ಬರುತ್ತದೆ. ಮಕ್ಕಳ ಹೆಸರಿನಲ್ಲಿ ಮಾಡುವ ಕೆಲಸ ಕಾನೂನಿನ ಕಡೆಯಿಂದಲೂ ಚೊಕ್ಕವಾಗಿರಲಿ. ಪ್ರವೇಶ ಮುಕ್ತವಾಗಿಡಿ, ದೇಣಿಗೆ ಇಷ್ಟವಿದ್ದವರು ಕೊಡಲಿ. ವಚನ, ದಾಸರ ಪದ, ತತ್ವಪದಗಳ ಸಾಹಿತ್ಯಕ್ಕೆ ಈ ತೊಡಕೇ ಇಲ್ಲ.

ಸಂಜೆ ರಾಗ:
ಭಾವಗೀತೆಗಳ ಕತೆ? ಹಳೆಯ ಕವಿಗಳದ್ದೆಲ್ಲ ಮುಕ್ತ ಎಂದುಕೊಂಡಿದ್ದೆ.

ಕಪ್ಪು ಕೋಟು:
ಕವಿ ತೀರಿಕೊಂಡ ಮರುವರ್ಷದಿಂದ ಲೆಕ್ಕ ಹಾಕಿ 60 ವರ್ಷ. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ, ಅಂದರೆ 2041ರ ಕೊನೆಯವರೆಗೆ ಹಕ್ಕು ಇದೆ. ಕುವೆಂಪು ಅವರದು 1994, ಹಾಗಾಗಿ 2054ರವರೆಗೆ. ಟಿಕೆಟ್ ಇಲ್ಲದ ಹವ್ಯಾಸಿ ಕಾರ್ಯಕ್ರಮದಲ್ಲಿ ಹಾಡಲು ಇದರಿಂದ ಅಡ್ಡಿಯಿಲ್ಲ, ಮೇಲೆ ಹೇಳಿದ ವಿನಾಯಿತಿ ಇದೆ.

ಹಂತಿ ಪದ:
ಶರೀಫರ ಪದ ಹಾಡುವವರು ಒಂದು ಸಂಗತಿ ನೆನಪಿಡಿ, ಮಕ್ಕಳಿಗೂ ಹೇಳಿ. ಶಿಶುನಾಳ ಶರೀಫರು ನಿಮ್ಮ ಪಕ್ಕದ ಶಿಗ್ಗಾವಿ ತಾಲೂಕಿನವರು, ಮತ್ತು ಅವರು ಸ್ವಲ್ಪ ಕಾಲ ಕನ್ನಡ ಶಾಲೆಯ ಮಾಸ್ತರರಾಗಿದ್ದರು.

ನಿಮ್ಮ ಊರಿನ ಹಿರಿಯ ಹೆಣ್ಣುಮಕ್ಕಳನ್ನು ಬಿಡಬೇಡಿ. ಸೋಬಾನೆ ಪದ, ಬೀಸುವ ಪದ, ಕುಟ್ಟುವ ಪದ ಗೊತ್ತಿರುವವರು ಈಗ ಓಣಿಗೆ ಒಬ್ಬರು ಸಿಕ್ಕರೂ ಹೆಚ್ಚು. ಮೊಹರಂನಲ್ಲಿ ರಿವಾಯತ್ ಪದ ಹಾಡುವ ಮೇಳ ಊರಿನಲ್ಲಿದ್ದರೆ ಅವರನ್ನೂ ಕರೆಯಿರಿ. ನಮ್ಮ ಕಡೆ ಅದರಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಹಾಡುತ್ತಾರೆ. ಹುಡುಗಿಯೊಬ್ಬಳು ತನ್ನ ಅಜ್ಜಿಯ ಪಕ್ಕ ಕುಳಿತು ಸೊಲ್ಲು ಎತ್ತಿಕೊಳ್ಳಲಿ. ಅಜ್ಜಿ ಮೊದಲ ಸಾಲು ಹಾಡುತ್ತಾರೆ, ಮೊಮ್ಮಗಳು ಎರಡನೆಯದು. ಸುಗ್ಗಿಯ ಹಂತಿ ಪದಗಳನ್ನು ನಾನು ಕಲಿತದ್ದು ಹೀಗೆಯೇ, ಪುಸ್ತಕ ನೋಡಿ ಅಲ್ಲ. ಅಂಥದೊಂದು ಪದಕ್ಕೆ ಊರಿನವರು ಕೊಡುವ ಹಣ, ಯಾವ ರಸಮಂಜರಿಗೂ ಕೊಡುವುದಿಲ್ಲ. ಏಕೆಂದರೆ ಅದು ಅವರದೇ ಹಾಡು.

ಪೇಟಿ ಪ್ರೇಮಿ:
ಪೇಟಿಯ ಮಾತು ಬಂತೆಂದು ಹೇಳುತ್ತೇನೆ. ಹೊಸದಕ್ಕೆ ದುಡ್ಡು ಸುರಿಯುವ ಮೊದಲು ಊರಿನ ಮನೆಗಳಲ್ಲಿ ಕೇಳಿ. ನಾಟಕದ ಕಾಲದ ಪೇಟಿಗಳು ಅಟ್ಟದ ಮೇಲೆ ಬಿದ್ದಿರುತ್ತವೆ. ತಿದಿ ಹರಿದಿದ್ದರೆ ಹೊಸ ಬಟ್ಟೆ ಅಂಟಿಸಬಹುದು. ಸ್ವರಪಟ್ಟಿ ತುಕ್ಕು ಹಿಡಿದಿದ್ದರೆ ಉಜ್ಜಿ ಶ್ರುತಿ ಮಾಡಿಸಬಹುದು. ಇಲಿ ಕಡಿದಿದ್ದರೆ ಮಾತ್ರ ಕಷ್ಟ.

ತುಂಗಾ ನೀರು:
ಪೇಟಿಯನ್ನು 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ನಿಷೇಧಿಸಿದ್ದರು, ಗೊತ್ತೇ? ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗಿಸುವ ಗಮಕ ಅದರಲ್ಲಿ ಬಾರದು, ಅದು ನಮ್ಮ ಸಂಗೀತದ ವಾದ್ಯವೇ ಅಲ್ಲ ಎಂದು. ಠಾಕೂರರಿಗೂ ಅದು ಇಷ್ಟವಿರಲಿಲ್ಲ.

ಪೇಟಿ ಪ್ರೇಮಿ:
ನಿಷೇಧಿಸಿದವರು ನಮ್ಮ ಕಡೆಯ ನಾಟಕದ ಪೇಟಿ ಮಾಸ್ತರರನ್ನು ಕೇಳಿರಲಿಲ್ಲ. ಮಕ್ಕಳಿಗೆ ಶ್ರುತಿಯಲ್ಲಿ ನಿಲ್ಲುವುದನ್ನು ಕಲಿಸಲು ಅದಕ್ಕಿಂತ ಅನುಕೂಲವಾದ ವಾದ್ಯ ಯಾವುದಿದೆ ಹೇಳಿ. ಮೊಬೈಲಿನ ಕರೋಕೆ ಹಾಕಿ ಹಾಡುವ ಮಗು ತಾಳವನ್ನು ಯಂತ್ರಕ್ಕೆ ಒಪ್ಪಿಸಿಬಿಡುತ್ತದೆ.

ಕರಾವಳಿ ತಂಗಾಳಿ:
ಪೇಟಿಯ ಜಗಳ ಬೇರೆ ಕಡೆ ಆಡಿ, ಆ ಹುಡುಗ ಕೇಳಿದ್ದಕ್ಕೆ ಉತ್ತರ ಕೊಡೋಣ. ನಮ್ಮ ದಕ್ಷಿಣ ಕನ್ನಡ, ಉಡುಪಿ ಕಡೆ ಸಹಾಯಾರ್ಥ ಯಕ್ಷಗಾನ ಎಂಬುದು ಹಳೆಯ ರೂಢಿ. ಶಾಲೆಗೆ, ಗ್ರಂಥಾಲಯಕ್ಕೆ, ಯಾರದೋ ಚಿಕಿತ್ಸೆಗೆ ಎಂದು ಆಟ ಇಡಿಸುತ್ತಾರೆ. ಈಗ ಹುಡುಗ ಹುಡುಗಿಯರ ಕುಣಿತ ಭಜನೆಯ ತಂಡಗಳು ಊರೂರಲ್ಲೂ ಎದ್ದಿವೆ. ನಮ್ಮ ತಂಡ ಕರೆದಲ್ಲಿ ಹೋಗಿ ಕುಣಿಯುತ್ತದೆ, ಬಂದ ಗೌರವಧನವನ್ನು ಒಂದು ನಿಧಿಗೆ ಹಾಕುತ್ತೇವೆ, ಶಾಲೆ ಶುರುವಾಗುವ ಮುಂಚೆ ಅಗತ್ಯವಿರುವ ಮಕ್ಕಳಿಗೆ ನೋಟುಪುಸ್ತಕ, ಚೀಲ, ಕೊಡೆ ಕೊಡುತ್ತೇವೆ. ಒಂದೇ ದೊಡ್ಡ ಕಾರ್ಯಕ್ರಮಕ್ಕಿಂತ ವರ್ಷವಿಡೀ ಸ್ವಲ್ಪ ಸ್ವಲ್ಪ ಬರುವುದು ಒಳ್ಳೆಯದು. ದಣಿವೂ ಕಡಿಮೆ, ಜಗಳವೂ ಕಡಿಮೆ.

ಅಬ್ಬಲಿಗೆ:
ಕೊಡೆ ಕೊಡುವಾಗ ಫೋಟೋ ತೆಗೆಯುತ್ತೀರಾ?

ಕರಾವಳಿ ತಂಗಾಳಿ:
ಇಲ್ಲ ಅಕ್ಕ. ಟೀಚರ್ ಕೈಗೆ ಒಪ್ಪಿಸಿ ಬರುತ್ತೇವೆ, ಯಾವ ಮಗುವಿಗೆ ಹೋಯಿತೆಂದು ನಮಗೂ ಗೊತ್ತಿರುವುದಿಲ್ಲ.

ಅಬ್ಬಲಿಗೆ:
ಕೇಳಿ ಮನಸ್ಸಿಗೆ ಸಮಾಧಾನವಾಯಿತು. ನಾನು ಶಾಲೆಯಲ್ಲಿದ್ದಾಗ ಇಂಥದೇ ಸಂಗೀತ ಸಂಜೆಯೊಂದರಲ್ಲಿ ನಮ್ಮಲ್ಲಿ ಕೆಲವರನ್ನು ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸಿದರು. ಮೈಕಿನಲ್ಲಿ "ಈ ಬಡ ಮಕ್ಕಳಿಗಾಗಿ" ಎಂದು ಘೋಷಿಸಿದರು. ಎದುರಿಗೆ ಕುಳಿತವರು ನನ್ನ ತರಗತಿಯವರೇ, ನನ್ನ ಓಣಿಯವರೇ. ಆಮೇಲೆ ಕೊಟ್ಟ ಚೀಲವನ್ನು ನಾನು ಹೆಗಲಿಗೆ ಹಾಕಲಿಲ್ಲ. ಅಪ್ಪ ಬೈದರೂ ಹಳೆಯ ಬಟ್ಟೆ ಚೀಲದಲ್ಲೇ ಆ ವರ್ಷ ಮುಗಿಸಿದೆ.

ವರದಾ ದಂಡೆಯವರೇ, ಮಕ್ಕಳನ್ನು ವೇದಿಕೆಗೆ ಕರೆಯುವುದಾದರೆ ಹಾಡಲು ಕರೆಯಿರಿ. ಶಾಲೆಯ ಕಷ್ಟವನ್ನು ಅವರ ಬಾಯಲ್ಲಿ ಹೇಳಿಸಬೇಡಿ, ನೀವು ಹೇಳಿ. ಇನ್ನೊಂದು, ನಿಮ್ಮ ಡೊಳ್ಳಿನ ಮೇಳದಲ್ಲಿ ಹುಡುಗಿಯರಿದ್ದಾರೆಯೇ? ಇಲ್ಲದಿದ್ದರೆ ಈಗಲೇ ನಾಲ್ವರಿಗೆ ಕಲಿಸಲು ಶುರುಮಾಡಿ, ಸುಗ್ಗಿಗೆ ಇನ್ನೂ ಸಮಯವಿದೆ. ರಾಜ್ಯದಲ್ಲಿ ಮಹಿಳೆಯರದೇ ಡೊಳ್ಳಿನ ತಂಡಗಳಿವೆ, ಭಾರ ಎನ್ನುವ ನೆಪ ಯಾರೂ ಹೇಳಬೇಡಿ.

ನಿವೃತ್ತ ಮಾಸ್ತರ:
ತಂಗಿ, ನಿನ್ನ ಮಾತನ್ನು ಪ್ರತಿ ಶಾಲೆಯ ಕಚೇರಿಯಲ್ಲಿ ಬರೆದು ಅಂಟಿಸಬೇಕು.

ಲೆಕ್ಕಿಗ:
ಹಣದ ಬಗ್ಗೆ ಯಾರೂ ಸರಿಯಾಗಿ ಮಾತನಾಡಿಲ್ಲ. ಇಂಥ ಕೆಲಸಗಳು ಮುರಿದು ಬೀಳುವುದು ಲೆಕ್ಕದಲ್ಲಿ. ಯಾರೋ ಒಬ್ಬ ಹುಡುಗನ ಫೋನ್‌ಪೇ ಸಂಖ್ಯೆಯನ್ನು ಬ್ಯಾನರಿನಲ್ಲಿ ಹಾಕುವುದು, ಆಮೇಲೆ ಅವನ ಮೇಲೆ ಊರೆಲ್ಲ ಗುಸುಗುಸು. ಅವನು ಒಂದು ರೂಪಾಯಿ ಮುಟ್ಟದಿದ್ದರೂ ಹೆಸರು ಕೆಡುತ್ತದೆ.

ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಬ್ಯಾಂಕ್ ಖಾತೆ ಇರುತ್ತದೆ, ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರು ಸಹಿ ಹಾಕುವ ಖಾತೆ. ಮೊದಲು ಸಮಿತಿಯ ಸಭೆಯಲ್ಲಿ ನಿರ್ಣಯ ಮಾಡಿಸಿ: ಯಾವ ಉದ್ದೇಶಕ್ಕೆ ಸಂಗ್ರಹ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ. ಹಣ ನೇರವಾಗಿ ಆ ಖಾತೆಗೇ ಹೋಗಲಿ. ನಗದಿಗೆ ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ, ಪ್ರತಿ ಪುಸ್ತಕ ಯಾರ ಕೈಯಲ್ಲಿದೆ ಎಂದು ಒಂದು ವಹಿಯಲ್ಲಿ ಸಹಿ. ಪೆಟ್ಟಿಗೆ ಇಟ್ಟರೆ ಅಂದೇ ರಾತ್ರಿ ಎಲ್ಲರ ಎದುರಿಗೆ ಎಣಿಸಿ, ಮೊತ್ತವನ್ನು ಮೈಕಿನಲ್ಲಿ ಹೇಳಿ. ಖರ್ಚಿನ ಪಟ್ಟಿಯನ್ನು ಶಾಲೆಯ ಸೂಚನಾ ಫಲಕದಲ್ಲಿ ಅಂಟಿಸಿ.

ಅಬ್ಬಲಿಗೆ:
ರಸೀದಿ ಪುಸ್ತಕ ತಾಯಂದಿರ ಕೈಯಲ್ಲಿರಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಅರ್ಧದಷ್ಟು ಮಹಿಳೆಯರು ಇರಬೇಕು. ಹೆಸರಿಗೆ ಮಾತ್ರ ಸದಸ್ಯರಾಗಿರುವ ಅವರಿಗೆ ಈ ಕೆಲಸ ಕೊಡಿ. ಸ್ವಸಹಾಯ ಸಂಘದಲ್ಲಿ ಪ್ರತಿ ವಾರ ಲೆಕ್ಕ ಬರೆದು ಅವರ ಕೈ ಪಳಗಿರುತ್ತದೆ.

ಮಸ್ಕತ್ ಕನ್ನಡಿಗ:
ನಾನು ಹಾವೇರಿ ಜಿಲ್ಲೆಯವನೇ, ಇಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ನಮ್ಮ ಮಕ್ಕಳೂ ಒಂದು ಸಂಜೆ ಹಾಡಿ ಊರಿನ ಶಾಲೆಗೆ ಹಣ ಕಳುಹಿಸಿದ್ದರು. ನಿಮ್ಮ ಶಾಲೆಗೂ ಕಳುಹಿಸಲು ಸಿದ್ಧ. ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗನೂ ಕೊಡುತ್ತೇನೆ ಎನ್ನುತ್ತಿದ್ದಾನೆ, ಅವನು ಅಲ್ಲಿನ ಪೌರತ್ವ ಪಡೆದಿದ್ದಾನೆ. ಇಬ್ಬರೂ ಒಂದೇ ಖಾತೆಗೆ ಹಾಕಬಹುದೇ?

ಲೆಕ್ಕಿಗ:
ನಿಮ್ಮದಕ್ಕೆ ಅಡ್ಡಿಯಿಲ್ಲ, ಅವರದಕ್ಕೆ ಇದೆ. ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಯೊಬ್ಬರು ತಮ್ಮ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟದ್ದು ವಿದೇಶಿ ದೇಣಿಗೆ. ಅದನ್ನು ಪಡೆಯಲು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯೋ ಪೂರ್ವಾನುಮತಿಯೋ ಬೇಕು. ಇನ್ನು, ಅಲ್ಲಿ ಕಾರ್ಯಕ್ರಮ ಮಾಡಿ ಹತ್ತಾರು ಜನರಿಂದ ಕೂಡಿಸಿದ್ದನ್ನು ನಿಮ್ಮ ಹೆಸರಿನಲ್ಲಿ ಕಳುಹಿಸಬೇಡಿ. ಅದು ನಿಮ್ಮ ಸ್ವಂತ ಉಳಿತಾಯವಲ್ಲ.

ಮಸ್ಕತ್ ಕನ್ನಡಿಗ:
ಸರಿ, ನನ್ನ ಪಾಲನ್ನು ನಾನೇ ಕಳುಹಿಸುತ್ತೇನೆ. ಅವನು ಊರಿಗೆ ಬಂದಾಗ ಶಾಲೆಯಲ್ಲಿ ಮಕ್ಕಳಿಗೆ ಗಿಟಾರ್ ಕಲಿಸಲಿ, ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ ಎಂದುಕೊಳ್ಳುತ್ತೇನೆ.

ಸಂಜೆ ರಾಗ:
ಕಲಿಸುವ ಮಾತು ಬಂದದ್ದು ಒಳ್ಳೆಯದಾಯಿತು. ಇಲ್ಲಿ ಎಲ್ಲರೂ ಹಣದ ಸುತ್ತಲೇ ತಿರುಗುತ್ತಿದ್ದೇವೆ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಂಗೀತ ಶಿಕ್ಷಕರು ಕಾಣಸಿಗುವುದೇ ಅಪರೂಪ. ಪ್ರತಿಭಾ ಕಾರಂಜಿ ಬಂತೆಂದರೆ ಶಿಕ್ಷಕರು ಮೊಬೈಲಿನಲ್ಲಿ ಒಂದು ಜನಪದ ಗೀತೆ ಹಾಕಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಾರೆ. ಅವರನ್ನು ದೂರುವುದಿಲ್ಲ, ಅವರಿಗಿರುವ ಸಮಯ ಅಷ್ಟೇ. ವರದಾ ದಂಡೆಯವರ ಗುಂಪಿನಲ್ಲಿ ಸೀನಿಯರ್ ಮುಗಿಸಿದ ಹುಡುಗಿ ಇದ್ದಾಳೆ, ತಬಲಾ ಬಲ್ಲವನಿದ್ದಾನೆ. ಇವರು ಶನಿವಾರ ಶಾಲೆಗೆ ಹೋಗಿ ಒಂದು ಗಂಟೆ ಕಲಿಸಿದರೆ ಕೆಲವೇ ವರ್ಷಗಳಲ್ಲಿ ಆ ಊರಿನ ಮಕ್ಕಳು ಜೂನಿಯರ್ ಪರೀಕ್ಷೆಗೆ ಕೂರಬಹುದು.

1977ರಲ್ಲಿ ದೆಹಲಿಯ ಐಐಟಿಯಲ್ಲಿ ಪ್ರಾಧ್ಯಾಪಕ ಕಿರಣ್ ಸೇಠ್ ಸ್ಪಿಕ್ ಮೆಕೆ ಎಂಬ ಸಂಘಟನೆ ಶುರುಮಾಡಿದಾಗಲೂ ಕೆಲಸ ಎತ್ತಿಕೊಂಡದ್ದು ವಿದ್ಯಾರ್ಥಿಗಳೇ. ದೊಡ್ಡ ದೊಡ್ಡ ಕಲಾವಿದರನ್ನು ಶಾಲೆಗಳಿಗೆ ಕರೆತಂದು ಮಕ್ಕಳ ಮುಂದೆ ಉಚಿತವಾಗಿ ಹಾಡಿಸಿದರು. ಒಂದು ಕಛೇರಿಯನ್ನು ಎದುರಿಗೆ ಕುಳಿತು ಕೇಳಿದ ಮಗುವಿನ ಕಿವಿ ಬೇರೆಯೇ ಆಗುತ್ತದೆ.

ಬೆಂಗಳೂರು ಉತ್ತರ:
ಒಪ್ಪಿದೆ, ಆದರೆ ಕಾಲೇಜು ಹುಡುಗರು ಎಷ್ಟು ಶನಿವಾರ ಬರುತ್ತಾರೆ? ನೌಕರಿ ಸಿಕ್ಕ ದಿನ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ನಾನೂ ಹಾಗೆಯೇ ಬಂದವನು. ಅದಕ್ಕೇ ಹೇಳುವುದು, ಕೂಡಿದ ಹಣದಲ್ಲಿ ಒಂದು ಪಾಲನ್ನು ಊರಿನಲ್ಲೇ ಇರುವ ಒಬ್ಬ ಭಜನಾ ಮಾಸ್ತರರಿಗೆ ಗೌರವಧನವಾಗಿ ಇಡಿ.

ಹಂತಿ ಪದ:
ಇದು ಕೆಲಸಕ್ಕೆ ಬರುವ ಮಾತು. ಹಳ್ಳಿಗಳಲ್ಲಿ ಭಜನಾ ಮಾಸ್ತರರು ಕೂಲಿ ಮಾಡಿಕೊಂಡು ಇದ್ದಾರೆ. ಅವರಿಗೆ ತಿಂಗಳಿಗೆ ಇಷ್ಟೆಂದು ಗೊತ್ತುಮಾಡಿ ಕೊಟ್ಟರೆ ಅವರಿಗೂ ಮರ್ಯಾದೆ, ಮಕ್ಕಳಿಗೂ ವಿದ್ಯೆ.

ವರದಾ ದಂಡೆ:
ಎಲ್ಲರ ಮಾತನ್ನೂ ನಿನ್ನೆ ರಾತ್ರಿ ಗುಡಿಯಲ್ಲಿ ಕುಳಿತು ಓದಿದೆವು. ಆರ್ಕೆಸ್ಟ್ರಾ ಬೇಕೆಂದಿದ್ದವರೂ ಒಪ್ಪಿದ್ದಾರೆ. ಪ್ರವೇಶ ಮುಕ್ತ, ಟಿಕೆಟ್ ಇಲ್ಲ. ಊರಿನವರೇ ಹಾಡುವುದು. ಜಾರಿದ ಹೆಂಚನ್ನು ಈ ಭಾನುವಾರವೇ ನಾವೇ ಹತ್ತಿ ಸರಿಮಾಡುತ್ತೇವೆ, ಬಡಗಿ ಮಾಮ ರೀಪು ತರುತ್ತೇನೆ ಎಂದಿದ್ದಾರೆ. ಪೂರ್ತಿ ಚಾವಣಿಗೆ ಮುಖ್ಯ ಶಿಕ್ಷಕರಿಂದ ಪತ್ರ ಹೋಗುತ್ತದೆ. ಕೂಡಿದ ಹಣ ಪುಸ್ತಕಕ್ಕೆ ಮತ್ತು ಭಜನಾ ಮಾಸ್ತರರ ಗೌರವಧನಕ್ಕೆ. ಒಬ್ಬರ ಅಟ್ಟದಲ್ಲಿ ಪೇಟಿಯೂ ಸಿಕ್ಕಿದೆ, ತಿದಿ ಹರಿದಿದೆ, ಇಲಿ ಕಡಿದಿಲ್ಲ.

ಅಬ್ಬಲಿಗೆ ಅಕ್ಕ, ಡೊಳ್ಳಿಗೆ ಮೂವರು ಹುಡುಗಿಯರ ಹೆಸರು ಬಂದಿದೆ. ಒಬ್ಬಳ ಮನೆಯಲ್ಲಿ ಇನ್ನೂ ಒಪ್ಪಿಲ್ಲ.

ಬೈದ ಹಿರಿಯರಿಗೆ ಗವಾಯಿಗಳ ವಿಷಯ ಓದಿ ಹೇಳಿದೆವು. ಅವರು ಹೆಚ್ಚು ಮಾತನಾಡಲಿಲ್ಲ, ತಮಗೆ ಎರಡು ಡೊಳ್ಳಿನ ಪದ ಬರುತ್ತವೆ ಎಂದಷ್ಟೇ ಹೇಳಿದರು.

ಅಬ್ಬಲಿಗೆ:
ಆ ಹುಡುಗಿಯ ಅಮ್ಮನ ಹತ್ತಿರ ಹುಡುಗರು ಹೋಗಬೇಡಿ. ನಿಮ್ಮ ಗುಂಪಿನ ಹುಡುಗಿಯರೂ ಟೀಚರೂ ಹೋಗಿ ಮಾತನಾಡಲಿ. ಅಭ್ಯಾಸ ಹಗಲು ಹೊತ್ತಿನಲ್ಲಿ, ಶಾಲೆಯ ಅಂಗಳದಲ್ಲಿ ಎಂದು ಖಚಿತವಾಗಿ ಹೇಳಲಿ.

ರಿದಂ ಪ್ಯಾಡ್:
ನನ್ನ ಮಾತು ನಡೆಯಲಿಲ್ಲವೆಂದು ಬೇಸರವಿಲ್ಲ. ಧ್ವನಿವರ್ಧಕಕ್ಕೆ ಹೊರಗಿನವರನ್ನು ಹಿಡಿಯಬೇಡಿ, ನನ್ನ ಬಳಿ ಎರಡು ಪೆಟ್ಟಿಗೆ, ಒಂದು ಮಿಕ್ಸರ್ ಇವೆ, ಬಾಡಿಗೆ ಬೇಡ, ಗಾಡಿಯ ಖರ್ಚು ಕೊಡಿ. ಡೊಳ್ಳಿಗೆ ಮೈಕ್ ಇಡಲೇಬೇಡಿ, ಬಯಲಿನಲ್ಲಿ ಅದರ ದನಿ ತಾನಾಗಿ ಹೋಗುತ್ತದೆ. ಅಜ್ಜಿಯರಿಗೆ ಕೈಯಲ್ಲಿ ಮೈಕ್ ಕೊಟ್ಟರೆ ಅವರು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ, ಅವರ ಮುಂದೆ ಗಿಡ್ಡನೆಯ ಸ್ಟ್ಯಾಂಡ್ ಇರಬೇಕು.

ಕಪ್ಪು ಕೋಟು:
ಪೊಲೀಸ್ ಠಾಣೆಯಿಂದ ಲಿಖಿತ ಅನುಮತಿ ಪಡೆಯಿರಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಸಂಜೆ 5ಕ್ಕೇ ಶುರುಮಾಡಿದರೆ ಚಿಕ್ಕ ಮಕ್ಕಳೂ ಎಚ್ಚರವಾಗಿರುತ್ತಾರೆ.

ನಿವೃತ್ತ ಮಾಸ್ತರ:
ಫೆಬ್ರುವರಿ ದಾಟಿಸಬೇಡಿ, ಎಸ್ಸೆಸ್ಸೆಲ್ಸಿ ಮಕ್ಕಳ ಓದಿಗೆ ತೊಂದರೆ. ಪುಸ್ತಕ ಕೊಳ್ಳುವಾಗ ಶಿಕ್ಷಕರ ಜೊತೆ ಇಬ್ಬರು ಮಕ್ಕಳನ್ನೂ ಅಂಗಡಿಗೆ ಕರೆದುಕೊಂಡು ಹೋಗಿ, ಅವರು ಕೈಗೆತ್ತಿಕೊಂಡದ್ದನ್ನು ಕೊಳ್ಳಿ.

ಪೇಟಿ ಪ್ರೇಮಿ:
ಆ ಪೇಟಿಯ ಫೋಟೋ ಹಾಕಿ, ಮುಚ್ಚಳ ತೆಗೆದು ಒಳಗಿನದು ಕಾಣಬೇಕು. ತಿದಿಗೆ ಯಾವ ಬಟ್ಟೆ ಬೇಕೆಂದು ಹೇಳುತ್ತೇನೆ.

ಧಾರವಾಡಿಗ:
ದಿನಾಂಕ ಗೊತ್ತಾದ ಕೂಡಲೇ ಇಲ್ಲೇ ಹಾಕಿ. ನಾವು ನಾಲ್ಕು ಜನ ಬರುತ್ತೇವೆ.